ಸುಂಕಮ್ಮ ಹೋದ ದಿನ

ಬೆಳಗಿನ ಬಸ್ಸು ಕೂಡ್ಲಿಗಿ ಬಸ್‌ಸ್ಟ್ಯಾಂಡಿಗೆ ಬಂದು ನಿಂತಾಗ ಅದರ ಕಂಡಕ್ಟರು ಇಳಿಯುವವರ ಗದ್ದಲದ ನಡುವೆಯೇ ಹೋಟೆಲ್ ಪಾಲಾಕ್ಷಪ್ಪನಿಗೆ ಒಂದು ಮಾತು ಕೂಗಿ ಹೇಳಿದ.

"ಬೇವಿನಹಟ್ಟಿ ಸುಂಕಮ್ಮ ಹೋದ್ಲಂತ! ಗಾಳೆಪ್ಪಗ ಹೇಳ್ಬೇಕಂತ ನೋಡ್ರಿ!"

ಪಾಲಾಕ್ಷಪ್ಪ ಆಗಷ್ಟೇ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಿದ್ದ. ಎಪ್ಪತ್ತು ದಾಟಿದ ಮುದುಕಿ ಹೋದಳು ಅಂದಮೇಲೆ ಎಲ್ಲಿಗೆ ಎಂದು ಯಾರಾದರೂ ಕೇಳುತ್ತಾರೆಯೇ? ಅವನು ಜಾಲರಿ ಸೌಟು ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು, ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸುತ್ತಾ ಪ್ರಾರ್ಥನಾ ಮಂದಿರದ ಹಿಂದಿನ ತಗಡಿನ ಶೆಡ್ಡಿಗೆ ನಡೆದ.

ಆ ಶೆಡ್ಡಿನಲ್ಲಿ ಐದು ಜನ ಪರೀಕ್ಷೆಗೆ ಕೂತಿದ್ದರು. ಕ್ರೈಸ್ತ ಸಭೆಗಳಿಗೆ ಪಾದ್ರಿಗಳನ್ನು, ಅಂದರೆ ಸಭಾಪಾಲಕರನ್ನು ತಯಾರು ಮಾಡುವ ಎರಡು ವರ್ಷದ ತರಬೇತಿ ಅಂದಿಗೆ ಮುಗಿಯುವುದಿತ್ತು. ಸಭೆಯ ಮುಂದೆ ನಿಂತು ಪ್ರಸಂಗ ಹೇಗೆ ಮಾಡಬೇಕು, ಮಕ್ಕಳಿಗೆ ಹೇಗೆ ಪಾಠ ಹೇಳಬೇಕು, ಕಾಯಿಲೆಯವರ ಮನೆಗೆ ಹೋದರೆ ಎಷ್ಟು ಹೊತ್ತು ಕೂರಬೇಕು, ಮದುವೆ ಹೇಗೆ ನಡೆಸಬೇಕು, ಮಣ್ಣು ಹೇಗೆ ಮಾಡಬೇಕು, ಎಲ್ಲವನ್ನೂ ತಿಂಗಳಿಗೆ ನಾಲ್ಕು ದಿನದಂತೆ ಅಲ್ಲಿ ಕಲಿಸುತ್ತಿದ್ದರು. ಒಲೆಗೆ ಮೂರು ಗುಂಡು ಇದ್ದ ಹಾಗೆ ಪ್ರಸಂಗಕ್ಕೆ ಮೂರು ಅಂಶ ಇರಲೇಬೇಕು ಎಂದು ಮೊದಲ ದಿನವೇ ಹೇಳಿದ್ದರು. ಉಳಿದ ನಾಲ್ವರು ಹುಡುಗರು. ಗಾಳೆಪ್ಪನಿಗೆ ಮಾತ್ರ ನಲವತ್ತಾರು. ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಹಾಸುವ ಕೆಲಸ. ತರಬೇತಿಗೆ ಸೇರಿದ ಮೇಲೆ, ತನ್ನೂರು ಬೇವಿನಹಟ್ಟಿಯ ಹದಿನೇಳು ಮನೆಯ ಸಭೆಗೆ ಭಾನುವಾರ ಪ್ರಾರ್ಥನೆ ನಡೆಸುವ ಉಪದೇಶಿಯೂ ಅವನೇ ಆಗಿದ್ದ.

ಆ ವಯಸ್ಸಿನಲ್ಲಿ ಅವನು ಹಲಗೆ ಮುಂದೆ ಬಂದು ಕೂತದ್ದಕ್ಕೆ ಒಂದು ಕಾರಣವಿತ್ತು. ಮೂರು ವರ್ಷದ ಹಿಂದೆ ಅವನ ಹೆಂಡತಿ ಪಕ್ಕೀರಮ್ಮ ತೀರಿಕೊಂಡಾಗ ಹೊಸಪೇಟೆಯಿಂದ ಬರಬೇಕಾಗಿದ್ದ ಸಭಾಪಾಲಕ ಅಯ್ಯನವರು ಬಸ್ಸು ಸಿಗದೆ ಎರಡು ದಿನ ತಡವಾಗಿ ಬಂದರು. ಅಷ್ಟು ಹೊತ್ತು ಇಟ್ಟುಕೊಳ್ಳುವುದಾದರೂ ಹೇಗೆ? ಒಂದು ವಾಕ್ಯ ಓದುವವರಿಲ್ಲದೆ, ಪ್ರಸಂಗ ಮಾಡುವವರಿಲ್ಲದೆ ಅವಳನ್ನು ಮಣ್ಣು ಮಾಡಿದರು. ಇನ್ನು ಮುಂದೆ ನಮ್ಮ ಊರಲ್ಲಿ ಯಾರೂ ಹಾಗೆ ಮೂಕವಾಗಿ ಹೋಗಬಾರದು ಎಂದು ಗಾಳೆಪ್ಪ ತರಬೇತಿಗೆ ಹೆಸರು ಬರೆಸಿದ್ದ.

ಬೇರೆಲ್ಲದರಲ್ಲಿ ಅವನು ಪಾಸಾಗಿದ್ದ. ಮಣ್ಣು ಮಾಡುವಾಗಿನ ಪ್ರಸಂಗದಲ್ಲಿ ಮಾತ್ರ ಪ್ರತಿಸಲವೂ "ಈ ನಮ್ಮ ತಾಯಿಯು..." ಎನ್ನುವಷ್ಟರಲ್ಲಿ ಗಂಟಲು ಕಟ್ಟಿ, ಮೂಗು ಸುರಿದು, ಹಳೆಯ ಬೋರಿಂಗಿನ ಹಾಗೆ ಬರೀ ಸದ್ದು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಕೊನೆಗೆ ಬಳ್ಳಾರಿಯ ಪರೀಕ್ಷಕರಾದ ಸತ್ಯಮಿತ್ರ ಅಯ್ಯನವರು, ನಿಜವಾದ ಮಣ್ಣಿನಲ್ಲೇ ಇವನ ಪರೀಕ್ಷೆ ಆಗಲಿ ಎಂದು ಬರೆದಿಟ್ಟಿದ್ದರು. ಆದರೆ ಊರಲ್ಲಿ ಎರಡು ವರ್ಷದಿಂದ ಯಾರೂ ಸತ್ತಿರಲಿಲ್ಲ.

ಪಾಲಾಕ್ಷಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ.

"ಗಾಳೆಪ್ಪ, ಮನಸು ಗಟ್ಟಿ ಮಾಡ್ಕ. ನಿಮ್ಮ ಊರಾಗ ಸುಂಕಮ್ಮ ಹೋದ್ಲಂತ."

ಆ ಕ್ಷಣ ಗಾಳೆಪ್ಪನ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ. ಪರೀಕ್ಷೆಗೆ ದಾರಿಯಾಯಿತು ಎಂಬ ಖುಷಿ. ಮರುಕ್ಷಣವೇ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಕೊಟ್ಟೂರಿಗೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸುತ್ತೇನೆ ಎಂದು ಆ ಮುದುಕಿಗೆ ಮಾತು ಕೊಟ್ಟು, ಇದೇ ತರಬೇತಿಯ ನೆಪದಲ್ಲಿ ಮೂರು ಸಲ ಮುಂದೆ ಹಾಕಿದ್ದ. ಇವತ್ತಿನದು ಮೂರನೆಯ ಸಲ. ಕಣ್ಣು ಮಂಜಾಗಿಯೇ ಹೋಗಿಬಿಟ್ಟಳಲ್ಲ ಎಂದು ಅವನು ಬೆಂಚಿನ ಮೇಲೆ ಕುಸಿದು ಕೂತ.

ಸತ್ಯಮಿತ್ರ ಅಯ್ಯನವರು ಗಡಿಯಾರ ನೋಡಿಕೊಂಡರು. "ಎಷ್ಟು ಹೊತ್ತಿಗೆ ಮಣ್ಣು? ನಾನೂ ಬರ್ತೀನಿ. ಸಂಜೆ ಬಳ್ಳಾರಿ ಬಸ್ಸು ತಪ್ಪಿಸಬೇಡ ಅಷ್ಟೇ."

ಸಂತೆಗೆ ಬಂದಿದ್ದ ಬೇವಿನಹಟ್ಟಿಯ ಹುಲುಗಣ್ಣ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕ. ಗಾಳೆಪ್ಪ ಅವನನ್ನು ಮೊದಲ ಬಸ್ಸಿಗೆ ಹತ್ತಿಸಿದ. "ಕುಣಿ ತೋಡಸು. ಅಯ್ಯನೋರ್ನ ಕರ್ಕಂಡು ಹನ್ನೆರಡಕ್ಕ ಬರ್ತೀನಿ."

ಹುಲುಗಣ್ಣ ಊರು ಮುಟ್ಟಿ ಸುದ್ದಿ ಹೇಳಿದಾಗ ಎಲ್ಲರೂ ಸುಂಕಮ್ಮನ ಮನೆಗೆ ಓಡಿದರು. ಬಾಗಿಲಿಗೆ ಬೀಗ. ಜನ ಗಲಿಬಿಲಿಗೊಂಡರು. ಆದರೆ ಪಕ್ಕದ ಮನೆಯ ಕರಿಯಕ್ಕ ಗಲಿಬಿಲಿಗೊಳ್ಳುವ ಹೆಂಗಸಲ್ಲ. ಗೊತ್ತಿಲ್ಲ ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ.

"ನಸುಕಿನ್ಯಾಗ ಎದಿ ನೋವು ಬಂದಿರಬೇಕು. ಯಾರೋ ಕೊಟ್ಟೂರು ದವಾಖಾನಿಗೆ ಒಯ್ದಾರ. ಅಲ್ಲೇ ಹೋಗ್ಯಾಳ. ಇನ್ನ ಒಂದು ಗಂಟಿ ಬಸ್ಸಿಗೇ ತರ್ತಾರ," ಎಂದು ಎಲ್ಲವನ್ನೂ ಕಣ್ಣಾರೆ ಕಂಡವಳಂತೆ ಹೇಳಿ, ಗಂಡಸರ ಕೈಗೆ ಹಾರೆ ಸಲಿಕೆ ಕೊಟ್ಟು ಅಟ್ಟಿದಳು.

ಗಾಳೆಪ್ಪ ಅಯ್ಯನವರ ಚೀಲ ಹೊತ್ತು ಬಂದಿಳಿಯುವ ಹೊತ್ತಿಗೆ ಊರ ಹೊರಗೆ, ಪಕ್ಕೀರಮ್ಮನ ಸಮಾಧಿಯಿಂದ ನಾಲ್ಕು ಮಾರು ಆಚೆ ಕುಣಿ ತಯಾರಾಗಿತ್ತು. ಹೆಂಗಸರು ಕಣಗಿಲ ಹೂ ಕಟ್ಟುತ್ತಿದ್ದರು.

"ಕೆಳಗ ಬರೇ ಕಲ್ರಿ ಅಯ್ಯನೋರ. ಆರು ಮಂದಿ ಬಿದ್ದು ತೋಡೀವಿ," ಎಂದು ಹುಲುಗಣ್ಣ ಬೊಬ್ಬೆ ಎದ್ದ ಅಂಗೈ ತೋರಿಸಿದ.

"ಹೆಣ ಎಲ್ಲಿ?" ಎಂದರು ಅಯ್ಯನವರು.

"ಒಂದು ಗಂಟಿ ಬಸ್ಸಿಗೆ ಬರ್ತಾಳ್ರಿ," ಎಂದಳು ಕರಿಯಕ್ಕ.

ಬಂದಳು. ಒಂದು ಗಂಟೆ ಬಸ್ಸು ನಿಂತಿತು. ಸುಂಕಮ್ಮ ಒಂದು ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು, ಇನ್ನೊಂದು ಕೈಯಲ್ಲಿ ಮೂಗಿನ ಮೇಲಿನ ಹೊಸ ಕನ್ನಡಕ ಹಿಡಿದುಕೊಂಡು, ನೆಲ ಒಮ್ಮೆಲೇ ಹತ್ತಿರ ಬಂದುಬಿಟ್ಟಿದೆ ಎಂಬಂತೆ ಹುಷಾರಾಗಿ ಕಾಲಿಡುತ್ತಾ ಇಳಿದಳು. ಊರೆಲ್ಲ ಸ್ಮಶಾನದ ಕಡೆ ನಿಂತಿದ್ದು ಕಂಡು ಅತ್ತಲೇ ನಡೆದು ಬಂದಳು.

"ಯಾರು ಸತ್ತಾರ?" ಎಂದು ಕೇಳಿದಳು.

ಕರಿಯಕ್ಕ ಕಟ್ಟುತ್ತಿದ್ದ ಹೂವನ್ನು ಸೆರಗಿನ ಕೆಳಗೆ ಸೇರಿಸಿದಳು.

"ನೀನೇ ಹೋದಿ ಅಂತ ಸುದ್ದಿ ಬಂತಲ್ಲ!" ಎಂದು ಗಾಳೆಪ್ಪ ತೊದಲಿದ.

"ಹೋದೆ. ಕೊಟ್ಟೂರಿಗೆ ಹೋದೆ. ನಿನಗ ಪರೀಕ್ಷಿ ಐತಂತ ನಾನೇ ಕನ್ನಡಕ ತರಾಕ ಹೋದೆ. ನೀನು ಕನ್ನಡಕದ ಚಿಂತಿ ಮಾಡಬಾರದಂತ, ಸುಂಕಮ್ಮ ಹೋದ್ಲು ಅಂತ ಗಾಳೆಪ್ಪಗ ಹೇಳಪ್ಪ ಅಂತ ಕೂಡ್ಲಿಗಿ ಬಸ್ಸಿನ ಕಂಡಕ್ಟರಗ ಹೇಳಿದ್ದೆ. ಏನ್ ತಪ್ಪಾತು?"

ಗಾಳೆಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುದುಕಿಯ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟ. ಅಯ್ಯನವರು ಗಡಿಯಾರ ನೋಡಿಕೊಂಡು ಹೊರಡಲು ಚೀಲ ಎತ್ತಿಕೊಂಡರು. ಅಷ್ಟರಲ್ಲಿ ಸುಂಕಮ್ಮ ಕುಣಿಯ ಅಂಚಿಗೆ ಹೋಗಿ, ಹೊಸ ಕನ್ನಡಕದಲ್ಲಿ ಬಗ್ಗಿ ಒಳಗೆಲ್ಲ ನೋಡಿ, "ಉದ್ದ ಸರೀಗೈತಿ," ಎಂದು ಒಪ್ಪಿಗೆ ಕೊಟ್ಟು, ಪಕ್ಕದ ಮಣ್ಣಿನ ಗುಡ್ಡೆಯ ಮೇಲೆ ಕೂತಳು.

"ಇಷ್ಟ ಮಂದಿ ಕೂಡೀರಿ, ಅಯ್ಯನೋರು ಅಷ್ಟು ದೂರದಿಂದ ಬಂದಾರ. ಅದೇನು ಹೇಳಾದೈತೋ ಹೇಳು ಗಾಳೆಪ್ಪ. ನನ್ನದು ನಾನೂ ಕೇಳ್ತೀನಿ. ಸತ್ತ ಮ್ಯಾಲೆ ಏನು ಕೇಳಾಕಾಗ್ತೈತಿ?"

ಗಾಳೆಪ್ಪ ಅಯ್ಯನವರ ಮುಖ ನೋಡಿದ. ಅವರು ಬೇಡವೆನ್ನಲಿಲ್ಲ. ಅವನು ಜೇಬಿನಿಂದ ಮೂರು ಅಂಶದ ಚೀಟಿ ತೆಗೆದ. ಬೆವರಿಗೆ ನೆಂದು ಮೂರೂ ಅಂಶ ಒಂದಾಗಿದ್ದವು. ಚೀಟಿ ಮಡಚಿ ಒಳಗಿಟ್ಟ.

"ಈ ನಮ್ಮ ತಾಯಿ..." ಎಂದ. ಎದುರಿಗೆ ತಾಯಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ ತಲೆಯಾಡಿಸಿದಳು. ಗಂಟಲು ಕಟ್ಟಲಿಲ್ಲ.

"ಈ ನಮ್ಮ ತಾಯಿಗೆ ಓದಾಕ ಬರಾಂಗಿಲ್ಲ. ಮೂರು ವರ್ಷದ ಹಿಂದ ನನ್ನ ಹೇಣ್ತಿ ಹೋದಾಗ ನಾವು ಗಂಡಸ್ರು ಇಲ್ಲೇ ಕಂಬ ನಿಂತಂಗ ನಿಂತಿದ್ವಿ. ಏನು ಹೇಳ್ಬೇಕಂತ ಒಬ್ರಿಗೂ ಗೊತ್ತಿರಲಿಲ್ಲ. ಮಣ್ಣು ಹಾಕಾಕೂ ಕೈ ಏಳಲಿಲ್ಲ. ಈಕಿ ಮುಂದ ಬಂದ್ಲು. ಪಕ್ಕೀರವ್ವಗ ಮೈ ತೊಳದಾಕಿ, ತಲಿ ಬಾಚಿದಾಕಿ ಈಕಿ. ಕುಣಿ ಹಂತ್ಯಾಕ ಕುಂತು, ಮಕ್ಕಳನ್ನ ಶಾಲಿಗೆ ಕಳಸಿದಂಗ, ಹುಷಾರಾಗಿ ಹೋಗವ್ವ, ನಾವು ಹಿಂದ ಬರ್ತೀವಿ ಅಂದ್ಲು. ಅಷ್ಟ. ಎರಡು ವರ್ಷ ಪುಸ್ತಕ ಓದೀನಿ, ಅದಕ್ಕಿಂತ ದೊಡ್ಡ ಮಾತು ನನಗ ಇನ್ನೂ ಸಿಕ್ಕಿಲ್ಲ. ನಾವು ಇದನ್ನ ಈಕಿಗೆ ಒಂದು ದಿನಾನೂ ಹೇಳಲಿಲ್ಲ. ಈಕಿ ಇರೋ ಹೊತ್ನ್ಯಾಗ ಹೇಳಾಕ ಇವತ್ತು ದೇವರು ಒಂದು ಗಡುವು ಕೊಟ್ಟಾನ."

ಹುಲುಗಣ್ಣ ಮುಖ ಆಚೆ ತಿರುಗಿಸಿಕೊಂಡ. ಕರಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸುಂಕಮ್ಮ ಕನ್ನಡಕ ತೆಗೆದು ಸೀರೆಗೆ ಒರೆಸಿ ಮತ್ತೆ ಹಾಕಿಕೊಂಡಳು. ಮಂಡಕ್ಕಿ ಪೊಟ್ಟಣ ಮಡಿಲಲ್ಲಿ ಹಾಗೇ ಉಳಿಯಿತು.

ಸತ್ಯಮಿತ್ರ ಅಯ್ಯನವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಪ್ರಸಂಗ ಚೆನ್ನಾಗಿತ್ತು. ಆದರೆ ನಿಯಮದ ಪ್ರಕಾರ ಇದು ಮಣ್ಣಲ್ಲ. ಈ ವರ್ಷ ಪಾಸು ಮಾಡೋಕೆ ಬರೋದಿಲ್ಲ. ಈಗ ಹೇಗಿದೀಯೋ ಹಾಗೇ ಇಲ್ಲೇ ಉಪದೇಶಿಯಾಗಿ ಇರು. ಮುಂದಿನ ವರ್ಷ ನೋಡೋಣ."

ಅಷ್ಟು ಅಂದದ್ದೇ ತಡ, ಊರಿಗೆ ಊರೇ ಅವರ ಮೇಲೆ ಬಿತ್ತು.

"ಹೆಣ ಬೇಕಂದ್ರ ಯಾರನ್ನ ಕೊಲ್ಲೂನ್ರಿ?" ಎಂದಳು ಕರಿಯಕ್ಕ.

"ಆರು ಮಂದಿ ಕೈ ಹರ್ಕಂಡೀವ್ರಿ," ಎಂದ ಹುಲುಗಣ್ಣ.

ಸುಂಕಮ್ಮ ಗುಡ್ಡೆಯಿಂದ ಎದ್ದು ಬಂದು ಅಯ್ಯನವರ ಎದುರು ಕೈ ಮುಗಿದಳು. "ಅರ್ಧ ಸತ್ತೀನ್ರಿ ಅಯ್ಯನೋರ. ಅರ್ಧ ಮಾರ್ಕಾದ್ರೂ ಕೊಡ್ರಿ. ಹುಡುಗ ಎರಡು ವರ್ಷ ಕಷ್ಟಪಟ್ಟಾನ."

ನಲವತ್ತಾರರ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಯಾರೂ ಅಯ್ಯನವರನ್ನು ಬಿಡಲಿಲ್ಲ. ಹೆಂಗಸರು ದಾರಿಗೆ ಅಡ್ಡ ಕೂತರು. ಅತ್ತ ಬಸ್ಸಿನ ಹೊತ್ತಾಗುತ್ತಿತ್ತು. ಕೊನೆಗೆ ಅಯ್ಯನವರು ನಕ್ಕುಬಿಟ್ಟು, ಚೀಲದಿಂದ ಕಾಗದ ತೆಗೆದು, ಹುಲುಗಣ್ಣನ ಬೆನ್ನ ಮೇಲೆ ಇಟ್ಟು ಉತ್ತೀರ್ಣ ಎಂದು ಬರೆದು ಸಹಿ ಹಾಕಿದರು. ಜನ ಹೋ ಎಂದರು. ಬಚ್ಚಿಟ್ಟಿದ್ದ ಕಣಗಿಲ ಹಾರವನ್ನು ಕರಿಯಕ್ಕ ಹೊರತೆಗೆದು ಗಾಳೆಪ್ಪನ ಕೊರಳಿಗೇ ಹಾಕಿದಳು.

ಅಯ್ಯನವರು ಅವನ ಕೈ ಕುಲುಕಿ ಇನ್ನೊಂದು ಕಾಗದ ಬಿಡಿಸಿದರು.

"ಪಾಸಾದರೆ ಯಾರಿಗೆ ಯಾವ ಸಭೆ ಅಂತ ಮೊದಲೇ ಹಂಚಿಯಾಗಿದೆ. ನಿನಗೆ ಹಡಗಲಿ ಕಡೆ ಹೊಳೆ ದಂಡೆಯ ಸಭೆ. ಮುಂದಿನ ಒಂದನೇ ತಾರೀಖಿಗೆ ಅಲ್ಲಿರಬೇಕು."

ಗಾಳೆಪ್ಪನ ಕೈ ಸಡಿಲವಾಯಿತು. "ನಾನು ನಮ್ಮ ಊರಿಗಂತ ಕಲಿತೀನ್ರಿ."

"ಸ್ವಂತ ಊರು ಯಾರಿಗೂ ಕೊಡೋದಿಲ್ಲಪ್ಪ. ಮೊದಲಿಂದಲೂ ಅದೇ ನಿಯಮ. ನಿನಗ್ಯಾರೂ ಹೇಳಲಿಲ್ವೇ?"

"ಮತ್ತ ಇಲ್ಲಿಗೆ ಯಾರು ಬರ್ತಾರ್ರಿ?"

"ಈ ವರ್ಷ ಯಾರೂ ಇಲ್ಲ. ಹನ್ನೊಂದು ಸಭೆ ಖಾಲಿ ಇವೆ, ತಯಾರಾದವರು ಐದೇ ಜನ."

"ಅಯ್ಯನೋರ, ನನ್ನ ಫೇಲ್ ಮಾಡ್ರಿ," ಎಂದ ಗಾಳೆಪ್ಪ. "ಮೊದ್ಲ ಅಂದ್ರಲ್ಲ, ಹಂಗ ಮಾಡ್ರಿ. ಇಲ್ಲೇ ಉಪದೇಶಿ ಆಗಿ ಇರ್ತೀನಿ."

ಅಯ್ಯನವರು ಕಾಗದ ನೋಡಿದರು. ಸಹಿಯ ಶಾಯಿ ಬಿಸಿಲಿಗೆ ಆಗಲೇ ಒಣಗಿತ್ತು. ಅವರಿಗೂ ಮುಖ ಎತ್ತಲಾಗಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಗಾಳೆಪ್ಪನ ಹೆಗಲು ಒಮ್ಮೆ ಒತ್ತಿ, ತಮ್ಮ ಚೀಲ ತಾವೇ ಎತ್ತಿಕೊಂಡು ನಡೆದುಬಿಟ್ಟರು.

ದಾರಿಗೆ ಅಡ್ಡ ಕೂತಿದ್ದ ಹೆಂಗಸರು ಎದ್ದು ಸೀರೆಯ ಧೂಳು ಕೊಡವಿಕೊಂಡರು. ಕರಿಯಕ್ಕ ಅಂದು ಮೊದಲ ಸಲ, "ನಮಗ ಗೊತ್ತಿರಲಿಲ್ಲಪ್ಪಾ," ಎಂದಳು.

ಸುಂಕಮ್ಮ ಗಾಳೆಪ್ಪನ ಹತ್ತಿರ ಬಂದು, ಮುಖವನ್ನು ಬೆಳಕಿಗೆ ತಿರುಗಿಸಿ, ಕನ್ನಡಕದಲ್ಲಿ ಚೆನ್ನಾಗಿ ನೋಡಿದಳು.

"ಇಷ್ಟ್ಯಾಕ ಸೊರಗೀಯೋ! ನಾನು ನೋಡೇ ಇರಲಿಲ್ಲ," ಎಂದಳು. ಆಮೇಲೆ ಮೆತ್ತಗೆ, "ಹೋಗಪ್ಪ. ಅಲ್ಲೂ ಯಾರಾದ್ರೂ ಸಾಯ್ತಿರ್ತಾರ. ನನ್ನದಂತೂ ಇವತ್ತೇ ಆತು ಬಿಡು. ಕಡೀಕ ಆಮೆನ್ ಅನ್ನೋದು ಮರ್ತಿ. ಅದೊಂದು ಅಂದುಬಿಡು, ಮುಗಿದುಹೋಗ್ಲಿ."

ಗಾಳೆಪ್ಪ ಕೈ ಜೋಡಿಸಿ ಆಮೆನ್ ಎಂದ.

ಸಭೆಯವರು ಅದನ್ನು ತಿರುಗಿ ಅನ್ನಬೇಕು. ಯಾರೂ ಅನ್ನಲಿಲ್ಲ. ಹುಲುಗಣ್ಣ ಸಲಿಕೆ ಎತ್ತಿಕೊಂಡು ಖಾಲಿ ಕುಣಿಗೆ ಮಣ್ಣು ಎಳೆಯತೊಡಗಿದ.