ಜೋಯಿಸರು ಎಷ್ಟು ಮಂದಿ

ಯಾರೂ ಕೇಳದಿದ್ದರೂ ತಿದ್ದುವ ಚಟ ನನಗೆ ಎಂ.ಎ. ಜೊತೆಗೇ ಬಂತು. ನಾನು ಮೆತ್ತಗೆ ತಿದ್ದುತ್ತೇನೆಂದು ನನ್ನ ನೆನಪು ಹೇಳುತ್ತದೆ. ಡೈರಿ ಬೇರೆಯೇ ಹೇಳುತ್ತದೆ. ಡಿಸೆಂಬರ್ ಮೊದಲ ವಾರದ ಪುಟದಲ್ಲಿ ‘ಇವತ್ತು ಸಭೆಯವರು ದಂಗಾದರು’ ಎಂದು ಬರೆದು, ಅಡಿಗೆರೆ ಬೇರೆ ಎಳೆದಿದ್ದೇನೆ.

ಸಿಂದಗಿಯ ನಮ್ಮ ಚರ್ಚು ಚಿಕ್ಕದು. ಕ್ರಿಸ್‌ಮಸ್ ನಾಟಕಕ್ಕೆ ಕುರುಬರು ಸಿಕ್ಕರೆ ದೇವದೂತರು ಸಾಲುವುದಿಲ್ಲ. ಹೀಗಾಗಿ ನಕ್ಷತ್ರ ನೋಡಿಕೊಂಡು ಮೂಡಣದಿಂದ ಕೂಸು ಯೇಸುವಿಗೆ ಕಾಣಿಕೆ ತರುವ ಮೂರನೆಯ ಜೋಯಿಸನ ಪಾತ್ರವನ್ನು ಎದುರು ಅಂಗಡಿಯ ಟೇಲರ್ ಮೈಬೂಬಸಾಬರು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಮೊದಲನೆಯವನ ಬಂಗಾರವೆಂದರೆ ಬಿಸ್ಕೀಟಿನ ಡಬ್ಬಿ, ಎರಡನೆಯವನ ರಕ್ತಬೋಳವೆಂಬ ಸುಗಂಧವೆಂದರೆ ಖಾಲಿ ಎಣ್ಣೆ ಬಾಟಲಿ. ಮೈಬೂಬಸಾಬರು ಮಾತ್ರ ಧೂಪಕ್ಕೆ ನಿಜವಾದ ಲೋಬಾನವನ್ನೇ ಕೆಂಡದ ಮೇಲೆ ಹಾಕಿಕೊಂಡು ಬರುತ್ತಾರೆ. ಮುಂದಿನ ಸಾಲಿನವರು ಭಕ್ತಿಯಿಂದ ಕೆಮ್ಮುತ್ತಾರೆ.

ನಾಟಕದ ಮಾತುಕತೆಗೆ ಕೂತಾಗ ನಾನು, ಜೋಯಿಸರು ಮೂವರೆಂದು ಬೈಬಲಿನಲ್ಲಿ ಎಲ್ಲೂ ಇಲ್ಲ, ಮೂರಿರುವುದು ಕಾಣಿಕೆ ಮಾತ್ರ ಎಂದೆ. ಜ್ಞಾನ ಹಂಚಿದ ಸುಖದಲ್ಲಿ ಚಹಾ ಎತ್ತಿಕೊಂಡೆ. ಸಭೆಯ ಹಿರಿಯರಾದ ಸಾಮುವೇಲಪ್ಪನವರು ಇದಕ್ಕೇ ಕಾಯುತ್ತಿದ್ದವರಂತೆ, “ಹಂಗಾರ ಇಬ್ರು ಸಾಕಲ್ರಿ. ಮೈಬೂಬಸಾಬಗ ದೀಕ್ಷಾಸ್ನಾನನೂ ಆಗಿಲ್ಲ. ಸರನ ಹೇಳ್ಯಾರಲ್ಲ, ಶಾಸ್ತ್ರದಾಗ ಇಲ್ಲಂತ” ಎಂದರು. ನಾನು ಬಲವಾಗಿ ವಿರೋಧಿಸಿದೆನೆಂದು ನನ್ನ ನೆನಪು. ಡೈರಿಯಲ್ಲಿ ಆ ಅಡಿಗೆರೆಯ ಕೆಳಗಿರುವುದು ‘ಚಹಾ ಚೆನ್ನಾಗಿತ್ತು’ ಎಂದಷ್ಟೇ.

ಮರುದಿನ ಮುಂಜಾನೆ ಮೈಬೂಬಸಾಬರು ಕೊರಳಿನ ಟೇಪು ತೆಗೆಯದೆಯೇ ಮನೆಗೆ ಬಂದರು. “ಸರ, ನಾ ಇಲ್ಲಂತ ಬೈಬಲನ್ಯಾಗ ಬರದೈತಂತಲ್ರಿ?”

“ಇಲ್ಲಂತ ಬರದಿಲ್ರಿ. ಅದೀರಂತನೂ ಬರದಿಲ್ಲ.”

“ಎರಡಕ್ಕೂ ಏನ್ ಫರಕ್ರಿ?”

ಈ ಫರಕಿನ ಮೇಲೆ ನಾನು ಒಂದು ತಾಸು ಉಪನ್ಯಾಸ ಮಾಡಬಲ್ಲೆ. ಆದರೆ ಅವರು ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದರು. “ಹೊಸ ಜುಬ್ಬಾ ಹೊಲದಿಟ್ಟಿದ್ದೆ. ಇರ್ಲಿ ಬಿಡ್ರಿ. ಲೋಬಾನ ಕಳಸ್ತೇನಿ, ಯಾರರೆ ಹಿಡೀರಿ” ಎಂದು ಹೊರಟುಬಿಟ್ಟರು. ಆ ದಿನದ ಪುಟ ಖಾಲಿ ಇದೆ.

ನಾಟಕ ಕಲಿಸುವವರು ನಿವೃತ್ತ ನರ್ಸ್ ಶಾಂತಕ್ಕ. ತಾಲೀಮಿಗೆ ಇಬ್ಬರೇ ಜೋಯಿಸರು ಬಂದದ್ದು ನೋಡಿ ವಿಷಯ ಕೇಳಿಕೊಂಡರು. “ಸಾಮುವೇಲಣ್ಣಾ, ಆ ಜೋಯಿಸರು ಯಾವ ಚರ್ಚಿನ್ಯಾಗ ದೀಕ್ಷಾಸ್ನಾನ ತಗೊಂಡಿದ್ರು? ಕೂಸು ಇನ್ನ ಗೋದಲಿಯೊಳಗ ಮಲಗೇತಿ.”

ಸಾಮುವೇಲಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

“ಮೂವರು ಅಂತಿಲ್ಲ ಅಂದ್ರ ಎಂಟು ಮಂದಿ ಬರ್ಲಿ. ತಪ್ಪೈತೇನ್ರಿ ಸರ?” ಎಂದು ಶಾಂತಕ್ಕ ನನ್ನನ್ನೇ ಕೇಳಿದರು.

“ತಪ್ಪೇನಿಲ್ರಿ” ಎಂದೆ. ಈ ಸಲ ನಿಜಕ್ಕೂ ಮೆತ್ತಗೆ. ಆಮೇಲೆ ನನಗೂ ಒಂದು ಪಾತ್ರ ಬೇಕೆಂದು ಕೇಳಿದೆ.

“ಐತಲ್ರಿ. ಹೆರೋದ ರಾಜನ ಹತ್ರ ಶಾಸ್ತ್ರಿಗಳು ಇರ್ತಾರಲ್ಲ? ಕೂಸು ಯಾವ ಊರಾಗ ಹುಟ್ಟತೈತಿ ಅಂತ ಪುಸ್ತಕ ನೋಡಿ ಬರೋಬ್ಬರಿ ಹೇಳ್ತಾರ. ತಾವು ಮಾತ್ರ ಕುರ್ಚಿ ಬಿಟ್ಟು ಏಳಂಗಿಲ್ಲ. ಅದು ನಿಮ್ಮದು.”

ಶಾಂತಕ್ಕ ತಾವೇ ಹೋಗಿ ಮೈಬೂಬಸಾಬರನ್ನು ಕರೆತಂದರು. ಕ್ರಿಸ್‌ಮಸ್ ದಿನ, ಕುರುಬರಿಗೂ ಜುಬ್ಬಾ ತೊಡಿಸಿ ಲೆಕ್ಕ ತುಂಬಿಸಿದ ಎಂಟು ಜೋಯಿಸರು ನನ್ನ ಮುಂದೆ ಹಾದು ಹೋದರು. ಮುಂದೆ ಹೊಸ ಜುಬ್ಬಾದಲ್ಲಿ ಮೈಬೂಬಸಾಬರು, ಎಲ್ಲರ ಹಿಂದೆ, ಕೆಮ್ಮುತ್ತ, ಸಾಮುವೇಲಪ್ಪನವರು. ನಾನು ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳಿ ಕುರ್ಚಿಯಲ್ಲೇ ಕೂತೆ.

ನಾಟಕ ಮುಗಿದ ಮೇಲೆ ಮೈಬೂಬಸಾಬರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಇಷ್ಟು ವರ್ಷ ಮಾಡಿದ್ರೂ ನಂದು ನಾಟಕ ಅಂತ ಗೊತ್ತಾಗ್ತೈತ್ರಿ. ನಿಮ್ಮದು ಮೊದಲನೇ ಸಲ, ನಾಟಕ ಅಂತ ಅನಸಲೇ ಇಲ್ರಿ ಸರ” ಎಂದರು. ಅವರು ಕುಹಕ ಆಡುವವರಲ್ಲ. ಮನಸಾರೆ ಹೇಳಿದರು.