ಅಂಚು ಮುಕ್ಕಾದ ತಟ್ಟೆ

ಪರದೇಶದಲ್ಲಿ ಓದುವ ಮಕ್ಕಳು ಊಟದ ವಿಷಯದಲ್ಲಿ ಮನೆಗೆ ಸುಳ್ಳು ಹೇಳುತ್ತಾರೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ನನಗೆ ಗೊತ್ತಿರಲಿಲ್ಲ. ಆದರೂ ಅದೇ ವಿಷಯದ ಮೇಲೆ ಪತ್ರಿಕೆಯಲ್ಲಿ ಏಳು ವಾರ ಬರೆದೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು (ಶಾಲೆಯೇ ನನ್ನನ್ನು ಬಿಟ್ಟಿತೆಂಬುದು ಹೆಂಡತಿಯ ಪಾಠಾಂತರ). ಓದಿದ್ದೆಲ್ಲ ಎರವಲು ಪುಸ್ತಕದಲ್ಲಿ, ಬರೆದದ್ದೆಲ್ಲ ಸಿಟ್ಟಿನಲ್ಲಿ. ಒಮ್ಮೆ ನಗರಸಭೆಯವರು ಒಂದೇ ರಸ್ತೆಯನ್ನು ಮೂರು ಕಡೆಯಿಂದ ಫೋಟೋ ತೆಗೆದು, ಮೂರು ರಸ್ತೆ ರಿಪೇರಿಯಾಯಿತೆಂದು ತೋರಿಸಿದ್ದರು. ಮೂರರಲ್ಲೂ ಒಂದೇ ನಾಯಿ ಮಲಗಿತ್ತು. ಆ ನಾಯಿಯನ್ನು ಪತ್ತೆ ಹಚ್ಚಿದ ಮಹಾನುಭಾವ ನಾನೇ. ಅಂದಿನಿಂದ ಯಾವ ಫೋಟೋವೂ ನನ್ನ ಕಣ್ಣಿಗೆ ಮಣ್ಣೆರಚಲಾರದೆಂದು ನಂಬಿದ್ದೆ.

ಇಂಥವನ ಮಗಳಿಗೆ ಹೊರದೇಶದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಸು ಅರ್ಧ ಮಾಫಿ. ಉಳಿದದ್ದಕ್ಕೆಲ್ಲ ಅಪ್ಪನೇ ಗತಿ. ಕೋಣೆ ಹುಡುಕುವ ಕಾರ್ಯಭಾರವನ್ನು ನಾನೇ ಹೊತ್ತು, ಮೂರು ವಾರ ಕಂಪ್ಯೂಟರ್ ಮುಂದೆ ಕೂತು, ಆ ಊರಿಗೇ ಅಗ್ಗವಾದ ಕೋಣೆ ಹಿಡಿದೆ. ಒಂದು ಮಂಚ, ಒಂದು ಮೇಜು, ಪಕ್ಕದ ಕಟ್ಟಡದ ಗೋಡೆಯನ್ನು ನೋಡಲೆಂದೇ ಇಟ್ಟ ಒಂದು ಕಿಟಕಿ.

"ಅಡುಗೆಮನೆ ಎಲ್ರೀ?" ಎಂದಳು ಹೆಂಡತಿ.

"ಇರತ್ತೆ ಕಣೇ. ಅಡುಗೆಮನೆ ಇಲ್ಲದ ಮನೆ ಎಲ್ಲಾದ್ರೂ ಉಂಟಾ?"

"ಕರಾರು ಪೂರ್ತಿ ಓದಿದ್ರಾ?"

"ಸರ್ಕಾರದ ಮುನ್ನೂರು ಪುಟದ ವರದಿ ಅರೆದು ಕುಡಿದವನನ್ನ, ನಾಲ್ಕು ಪುಟದ ಕರಾರು ಓದಿದ್ರಾ ಅಂತ ಕೇಳ್ತೀಯಲ್ಲ!"

(ಓದಿದ್ದೆ. ಮೊದಲ ಪುಟವನ್ನು. ಬಾಡಿಗೆ ಬರೆದಿದ್ದದ್ದು ಅಲ್ಲೇ.)

ಮಗಳು ಹೋದಳು. ಬೆನ್ನಿಗೇ ನನ್ನ ಕಟ್ಟಪ್ಪಣೆ ಹೋಯಿತು: ಅಡುಗೆ ಕೈಯಾರೆ ಮಾಡಬೇಕು, ಹೊರಗೆ ತಿನ್ನಕೂಡದು, ದಿನಕ್ಕೊಂದು ತಟ್ಟೆಯ ಫೋಟೋ ಕಳಿಸಬೇಕು. ಮೊದಲ ಶನಿವಾರ ಫೋಟೋ ಬಂತು. ಬಿಳಿ ತಟ್ಟೆ, ಅನ್ನ, ಬೇಯಿಸಿದ ಕ್ಯಾರೆಟ್, ಎರಡು ಹೋಳು ಮಾಡಿದ ಮೊಟ್ಟೆ. ಕೂಡಲೇ ಫೋನು ಹಚ್ಚಿದೆ.

"ಮೊಟ್ಟೆ ಡಜನ್ ತಗೊಂಡ್ಯಾ, ಬಿಡಿಯಾಗಿ ತಗೊಂಡ್ಯಾ?"

"ಅಪ್ಪಾ, ಊಟ ಹೇಗಿತ್ತು ಅಂತ ಕೇಳಲ್ವಾ?"

"ಚೆನ್ನಾಗೇ ಕಾಣ್ತಿದೆಯಲ್ಲ! ಕ್ಯಾರೆಟ್ ಸಿಪ್ಪೆ ಯಾಕೆ ತೆಗೆದೆ? ಸತ್ವ ಇರೋದೇ ಅದರಲ್ಲಿ."

ಫೋನು ಕಟ್ಟಾಯಿತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ.

ಮರುದಿನದಿಂದ ನನ್ನ ಬೆಳಗಿನ ಕಾಫಿಯ ಹೊತ್ತಿಗೆ ಸರಿಯಾಗಿ ತಟ್ಟೆ ಬರತೊಡಗಿತು. ನಾನು ಹಿಗ್ಗಿ, 'ಕಡಿಮೆ ಖರ್ಚಿನಲ್ಲಿ ವಿದೇಶ ವಿದ್ಯೆ' ಎಂಬ ಲೇಖನಮಾಲೆಯನ್ನೇ ಶುರು ಹಚ್ಚಿಕೊಂಡೆ. ಹೋಟೆಲಿನಲ್ಲಿ ತಿನ್ನುವ ಮಕ್ಕಳನ್ನು ಬೈದೆ. ಕೇಳಿದಷ್ಟು ಕಳಿಸುವ ಅಪ್ಪಂದಿರನ್ನು ಝಾಡಿಸಿದೆ. ಪ್ರತಿ ಕಂತಿನ ಕೊನೆಗೂ "ನನ್ನ ಮಗಳನ್ನು ನೋಡಿ" ಎಂದು ಬರೆದೆ. ನೋಡದೆ ಉಳಿದವನು ನಾನೊಬ್ಬನೇ.

ಏಳನೇ ಕಂತು ಬಂದ ವಾರ, ನಮ್ಮ ರಸ್ತೆಯ ಕೊನೆಯ ಕನ್ನಡಕದ ಅಂಗಡಿಯವರು ಮನೆಗೆ ಬಂದು ಕೈಮುಗಿದರು.

"ಸರ್, ನಿಮ್ಮ ಲೇಖನ ಓದಿ ನನ್ನ ಕಣ್ಣು ತೆರೀತು. ನಮ್ಮ ಹುಡುಗ ಅದೇ ಕಾಲೇಜು. ಊಟ ಕೊಡೋ ಹಾಸ್ಟೆಲ್ ಬಿಡಿಸಿ, ನಿಮ್ಮ ಮಗಳಿಗೆ ನೀವು ಕೋಣೆ ಹಿಡಿದ ಕಟ್ಟಡಕ್ಕೇ ಹಾಕಿಸಿದೆ. ಈಗ ಅವನೂ ದಿನಾ ತಟ್ಟೆ ಕಳಿಸ್ತಾನೆ. ನೋಡಿ!"

ನೋಡಿದೆ. ಬಿಳಿ ತಟ್ಟೆ. ಅನ್ನ. ಕ್ಯಾರೆಟ್. ಮೊಟ್ಟೆ. ಕ್ಯಾರೆಟ್ಟಿನ ಪಕ್ಕ ತಟ್ಟೆಯ ಅಂಚು ಉಗುರಿನಷ್ಟು ಮುಕ್ಕಾಗಿತ್ತು. ನಿಧಾನವಾಗಿ ನನ್ನ ಫೋನನ್ನು ಅದರ ಪಕ್ಕ ಇಟ್ಟೆ. ಅದೇ ಮುಕ್ಕು. ಹಿಂದಿನ ದಿನದ್ದು, ಅದರ ಹಿಂದಿನದ್ದು, ಎಲ್ಲದರಲ್ಲೂ ಅದೇ ಮುಕ್ಕು.

"ಸರ್," ಎಂದರು ಅವರು, ಬೀಗರಾಗಿಬಿಡುವ ಗಾಬರಿಯಲ್ಲಿ, "ಇಬ್ರೂ ಒಂದೇ ತಟ್ಟೇಲಿ ಊಟ ಮಾಡ್ತಿದಾರಾ?"

"ಇಬ್ಬರಲ್ಲ, ಹನ್ನೊಂದು ಜನ." ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಆ ಕಟ್ಟಡದಲ್ಲಿ ಒಲೆ ಹಚ್ಚೋ ಹಾಗಿಲ್ಲ. ಕರಾರಿನ ಮೂರನೇ ಪುಟದಲ್ಲೇ ಇದೆ. ಆ ಊಟ ಮೊದಲ ಶನಿವಾರ ಯಾರೋ ಗೆಳತಿ ಮನೇಲಿ ಮಾಡಿದ್ದು. ಇವರ ಲೇಖನ ಓದಿದ ಅಪ್ಪಂದಿರೆಲ್ಲ ತಟ್ಟೆ ತಟ್ಟೆ ಅಂತ ಪೀಡಿಸಿದ್ರಲ್ಲ, ಆ ಮಕ್ಕಳೆಲ್ಲ ನಮ್ಮ ಮಗಳ ಹತ್ರ ಆ ಫೋಟೋನೇ ಈಸ್ಕೊಂಡಿದಾವೆ."

"ಮತ್ತೆ... ಮಗಳು ತಿಂತಿದ್ದದ್ದೇನು?"

"ಬ್ರೆಡ್ಡು, ನಲ್ಲಿ ನೀರು. ಮೂರನೇ ವಾರ ತರಗತಿಯಲ್ಲೇ ತಲೆ ತಿರುಗಿ ಬಿದ್ಲು."

"ನಿನಗೆ ಯಾವಾಗ ಗೊತ್ತಾಯ್ತು?"

"ಒಂದೇ ತಟ್ಟೆ ಅಂತ ನಾಲ್ಕನೇ ದಿನಾನೇ. ದಿನಾ ತಟ್ಟೆ ತೊಳೆಯೋಳಿಗೆ ತಟ್ಟೆ ಗುರುತು ಸಿಗಲ್ವೇನ್ರೀ? ಬಿದ್ದ ಮೇಲೆ ಬಾಯಿ ಬಿಟ್ಲು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅದನ್ನೂ ಪೇಪರಿಗೆ ಬರೀತಿದ್ರಿ."

(ಬರೆಯುತ್ತಿದ್ದೇನೆ. ಇದರಲ್ಲೂ ಅವಳೇ ಗೆದ್ದಳು.)

ಮಗಳು ಅಡುಗೆಮನೆ ಇರುವ ಕೋಣೆಗೆ ಹೋಗಿ ಆಗಲೇ ತಿಂಗಳಾಗಿತ್ತಂತೆ. ದುಡ್ಡೆಲ್ಲಿಂದ ಬಂತೆಂದು ಕೇಳಿದೆ.

"ನನ್ನ ಹೊಲಿಗೆ ದುಡ್ಡು. ಸಾಲದ್ದಕ್ಕೆ ನಿಮ್ಮ ಐದು ಪೇಪರ್ ನಿಲ್ಲಿಸಿದೆ."

"ಏನೇ ಹೇಳ್ತಿದೀಯ? ಇವತ್ತು ಬೆಳಿಗ್ಗೆ ಐದೂ ಓದಿದೆನಲ್ಲ!"

"ಅವು ನಿನ್ನೆಯವು. ಪಕ್ಕದ ಮನೇದು, ಎದುರು ಮನೇದು, ಕ್ಷೌರದಂಗಡೀದು. ಇಸ್ತ್ರಿ ಹಾಕಿ ಕೊಡ್ತಿದ್ದೆ."

ತಿಂಗಳಿಡೀ ಬಂದವರಿಗೆಲ್ಲ "ನಮ್ಮನೆಗೆ ಪೇಪರ್ ಬಿಸಿಬಿಸಿಯಾಗಿ ಬರತ್ತೆ" ಎಂದು ಕೊಚ್ಚಿಕೊಂಡಿದ್ದೆ. ದಿನಾಂಕ ಮೊದಲ ಪುಟದಲ್ಲೇ ಇತ್ತು. ಮೂರನೇ ಪುಟವೆಂಬ ನೆಪವೂ ನನಗೆ ಉಳಿಯಲಿಲ್ಲ.

ಮಗಳಿಗೆ ಫೋನ್ ಮಾಡಿದೆ. "ಈಗ ಅಡುಗೆಮನೆ ಇದೆಯಲ್ಲಮ್ಮ, ನಿಜವಾದ ತಟ್ಟೆ ಯಾಕೆ ಕಳಿಸಲ್ಲ?"

"ಅಪ್ಪಾ, ಹಳೇ ತಟ್ಟೆ ಬಗ್ಗೆ ನೀನು ಕೇಳೋದೆಲ್ಲ ಕೇಳಿ ಆಗಿದೆ. ಹೊಸದು ಕಳಿಸಿದ್ರೆ ಮತ್ತೆ ಮೊಟ್ಟೆಯಿಂದ ಶುರು ಮಾಡ್ತೀಯ." ಅವಳು ನಕ್ಕಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಕನ್ನಡಕದವರು ಮೂಲೆಗೆ ಸರಿದು ಮಗನಿಗೆ ಫೋನ್ ಮಾಡಿದ್ದರು. ತಟ್ಟೆಯ ಸುದ್ದಿಯನ್ನೇ ಎತ್ತಲಿಲ್ಲ. "ಹಸಿವಾಗ್ತಿದೆಯೇನೋ, ಮರೀ?" ಎಂದರು, ಅಷ್ಟೇ. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಮಗ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆ ಎರಡು ಪದದ ಪ್ರಶ್ನೆಯನ್ನು ಏಳು ವಾರದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಕ್ಯಾರೆಟ್ ಸಿಪ್ಪೆಯ ಬಗ್ಗೆ ಮಾತ್ರ ಎರಡು ಪ್ಯಾರಾ ಬರೆದಿದ್ದೆ.

ಈಗ ಮಗಳು ದಿನಾ ಏನು ತಿನ್ನುತ್ತಾಳೆಂಬುದು ನನಗೆ ಗೊತ್ತಿಲ್ಲ. ನಿಜವಾದ ಫೋಟೋಗಳು ಹೆಂಡತಿಯ ಫೋನಿಗೆ ಬರುತ್ತವೆ. ನಾನು ಹತ್ತಿರ ಸುಳಿದರೆ ಆ ಫೋನು ಬೋರಲಾಗುತ್ತದೆ. ನನ್ನ ಕಾಫಿಯ ಹೊತ್ತಿಗೆ ಇವತ್ತೂ ಬಂದದ್ದು ಆ ಮುಕ್ಕು ತಟ್ಟೆಯೇ.

ಆ ಏಳು ಕಂತುಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇವೆಂದು ನಿಮ್ಮಲ್ಲಿ ಹಲವರು ನನಗೆ ಬರೆದಿದ್ದೀರಿ. ಎದ್ದು ಹೋಗಿ, ತೆಗೆದು, ಹರಿದು ಹಾಕಿ. ಆಮೇಲೆ ನಿಮ್ಮ ಮಗುವಿಗೆ ಫೋನ್ ಮಾಡಿ ಹಸಿವಾಗಿದೆಯಾ ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ.