ಕಾಫಿ ಚರಟದ ಉಂಡೆ, ಅಕ್ಕನ ಮಗನ ಷರ್ಟು

ಮನೆದೇವರ ಮೇಲಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹಾಸನದಲ್ಲಿ ಎಷ್ಟೋ ತಲೆಗಳಿವೆ. ಆದರೆ ಫಜೀತಿಗಳು ಹುಡುಕಿಕೊಂಡು ಬರುವುದು ನನ್ನ ತಲೆಯನ್ನೇ. ಹೋಟೆಲಿನವರು ಹಿತ್ತಲಿಗೆ ಸುರಿಯುವ ಕಾಫಿ ಚರಟದಿಂದ ಸೌದೆ ಮಾಡಬಹುದೆಂದು ತೊಂಬತ್ತರ ದಶಕದಲ್ಲೇ ಈ ಜಿಲ್ಲೆಯಲ್ಲಿ ಮೊದಲು ಕಂಡುಹಿಡಿದವನು ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ.

ಕಾಗೆ

ಚರಟಕ್ಕೆ ಗಂಜಿ ಕಲಸಿ, ಉಂಡೆ ಕಟ್ಟಿ, ತಾರಸಿಯ ಮೇಲೆ ಸಾಲಾಗಿ ಒಣಗಲಿಟ್ಟೆ. ಕಾಗೆಗಳು ಬಂದವು, ಪಕ್ಕದ ಸಂಡಿಗೆಯನ್ನೆಲ್ಲ ತಿಂದವು, ಉಂಡೆಗಳ ಕಡೆ ತಿರುಗಿಯೂ ನೋಡದೆ ಹಾರಿಹೋದವು. ನನ್ನ ಹೆಂಡತಿಯ ಮುಖ ಬಿಳಿಚಿತು. ಸಾಲಾಗಿಟ್ಟ ಉಂಡೆಯನ್ನು ಕಾಗೆ ಮುಟ್ಟಲಿಲ್ಲವೆಂದರೆ ಹಿರಿಯರಿಗೆ ಏನೋ ಆಸೆ ಉಳಿದಿದೆ ಎಂದೇ ಅವಳ ಲೆಕ್ಕ. ಇದು ಪಿಂಡವಲ್ಲ ಕಣೇ, ಸೌದೆ ಅಂದರೂ ಕೇಳಲಿಲ್ಲ. ತೀರಿಹೋದ ನಮ್ಮಪ್ಪನಿಗೆ ಎರಡನೇ ಲೋಟ ಕಾಫಿ ನಿಲ್ಲಿಸಿದ್ದು ತಾನೇ ಎಂದು ನೆನಪಾಗಿ ಬೆವೆತುಹೋದಳು. ಓಡಿಹೋಗಿ ಒಂದು ಲೋಟ ಬಿಸಿ ಕಾಫಿ ತಂದು ಗೋಡೆಯ ಮೇಲಿಟ್ಟು ಕೈಮುಗಿದಳು.

ಕಾಗೆ ಬಂತು. ಒಂದು ಗುಟುಕು ಕುಡಿಯಿತು. ಥೇಟ್ ನಮ್ಮಪ್ಪನ ಹಾಗೆ, ಸಕ್ಕರೆ ಕಮ್ಮಿ ಎಂಬಂತೆ ಅವಳನ್ನು ದುರುಗುಟ್ಟಿ ನೋಡಿತು.

ಇಸ್ತ್ರಿ

ಹೊಳೆನರಸೀಪುರದ ನಮ್ಮಕ್ಕನ ಮಗನಿಗೆ ಎಲ್ಲೂ ಹೆಣ್ಣು ಕೂಡಿಬಂದಿರಲಿಲ್ಲ. 'ಆಮೇಲೆ ತಿಳಿಸ್ತೀವಿ' ಅಂದಿದ್ದ ಅರಕಲಗೂಡಿನವರು ತಿಳಿಸಲೇ ಇಲ್ಲ. ಉಳಿದದ್ದು ಚನ್ನರಾಯಪಟ್ಟಣದ ಸಂಬಂಧ ಒಂದೇ. ಅಕ್ಕನಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಹೆಣ್ಣು ನೋಡಲು ಹೋಗುವ ಹಿಂದಿನ ದಿನವೇ ತಾಯಿ ಮಗ ನಮ್ಮ ಮನೆಗೆ ಬಂದರು. ಅವನ ಬಿಳಿ ಷರ್ಟನ್ನು ನಾನೇ ಇಸ್ತ್ರಿಗೆ ಒಯ್ದೆ, ಜೊತೆಗೊಂದು ಚೀಲ ಉಂಡೆ.

ಇದ್ದಿಲಿನ ಪೆಟ್ಟಿಗೆಯವನು ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಅತ್ತದಾ ಸಾ?"

"ಹತ್ತುತ್ತೆ ಕಣಯ್ಯಾ, ನಂಬು."

ಇದ್ದಿಲ ಮೇಲೆ ಹಾಕಿದ. ಹತ್ತಲಿಲ್ಲ, ಹೊಗೆಯಾಡಿತು. ಆ ಹೊಗೆಯಲ್ಲೇ ಷರ್ಟಿನ ಮಡಿಕೆ ಮಡಿಕೆಗೂ ಇಸ್ತ್ರಿಯಾಯಿತು. ಕೊನೆಗೆ ಮೂಸಿ ನೋಡಿ ನನ್ನ ಕೈಗಿಟ್ಟ.

"ತೊಟ್ಕೊಳಾದ್ ಬ್ಯಾಡ ಸಾ. ಆಲು ಸಕ್ರೆ ಆಕ್ಕಂಡು ಕುಡ್ದ್ಬುಡಿ."

ನೀರೊಲೆ

ಅಕ್ಕನ ಮಗನ ಬಳಿ ಬೇರೆ ಒಳ್ಳೆಯ ಷರ್ಟಿರಲಿಲ್ಲ. ನನ್ನ ಷರ್ಟಿನಲ್ಲಿ ಅವನಂಥವರು ಇಬ್ಬರು ಹಿಡಿಸುತ್ತಾರೆ. ಕೊನೆಗೆ ಹೊಗೆ ಕುಡಿದ ಆ ಬಿಳಿ ಷರ್ಟನ್ನೇ ತೊಟ್ಟ. ಚನ್ನರಾಯಪಟ್ಟಣದ ಆ ಮನೆಯ ಹಜಾರದಲ್ಲಿ ಅಕ್ಕ, ಅವನು, ನಾನು ಕೂತೆವು. ಫ್ಯಾನು ಹಾಕಿದರು. ಘಮಘಮ. ಒಳಗಿಂದ ಕಾಫಿ ಇನ್ನೂ ಬಂದೇ ಇಲ್ಲ! ಹುಡುಗಿಯ ಅಪ್ಪ ಮೂಗರಳಿಸಿದರು. ಅಜ್ಜಿ ನೇರವಾಗಿ ಕೇಳಿಯೇಬಿಟ್ಟರು.

"ಬೆಳಗ್ಗೆಯಿಂದ ಇದು ಎಷ್ಟನೇ ಮನೆ? ಕಾಫಿ ಯಾರ ಮನೇಲಾಯ್ತು?"

ದಾರಿಯಲ್ಲಿ ಇನ್ನೊಂದು ಹೆಣ್ಣು ನೋಡಿಕೊಂಡು ಬಂದಿದ್ದೇವೆಂದು ಅವರ ಅನುಮಾನ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಹೋದಲ್ಲೆಲ್ಲ ತೋರಿಸಲೆಂದು ನಾನು ಜೇಬಿನಲ್ಲಿಟ್ಟುಕೊಂಡಿದ್ದ ಉಂಡೆ ಹತ್ತಿಕೊಳ್ಳಬೇಕಿತ್ತು. ಹುಡುಗ ಬೆವೆತ, ಬೆವೆತಷ್ಟೂ ಘಮ ಏರಿತು. ಷರ್ಟಿನ ಕಥೆ ಹೇಳಿದೆ, ಒಬ್ಬರೂ ನಂಬಲಿಲ್ಲ. ಉಂಡೆ ತೆಗೆದು ತೋರಿಸಿದೆ.

"ಸೌದೆ ಅಂತೀರಲ್ಲ, ಹತ್ತಿಸಿ ನೋಡೋಣ," ಅಂದರು ಅಜ್ಜಿ.

ಎಲ್ಲರೂ ಬಚ್ಚಲುಮನೆಯ ನೀರೊಲೆಗೆ ನಡೆದೆವು. ಕಡ್ಡಿ ಗೀರಿದೆ. ಮತ್ತೆ ಗೀರಿದೆ. ಬೆಂಕಿಪೊಟ್ಟಣ ಬರಿದಾಗುತ್ತಾ ಬಂತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಕಡ್ಡಿ ಆರಿದರೆ ಸಂಬಂಧವೂ ಆರಿದಂತೆಯೇ. ಆಗ ಹುಡುಗಿಯೇ ಬಂದು, ಹುಡುಗನ ಕಡೆ ಒಮ್ಮೆ ನೋಡಿ, ಒಲೆಯ ಮುಂದೆ ಕೂತು ಊದುಗೊಳವೆ ಹಿಡಿದಳು. ಭಗ್ಗನೆ ಹತ್ತಿತು ನನ್ನ ಉಂಡೆ! ಅಜ್ಜಿ ಕಾಫಿ ತರಲು ಹೇಳಿದರು. ಮದುವೆಯೂ ಆಯಿತು. ಚಪ್ಪರದಲ್ಲಿ ವರನಿಗಿಂತ ನನಗೇ ಹೆಚ್ಚು ನಮಸ್ಕಾರ.

ಎಲ್ಲಾ ನಿಜ. ಒಂದೇ ಒಂದು ಸಣ್ಣ ವಿವರ ಮಾತ್ರ ನನ್ನ ಸ್ವಂತದ್ದು. ಆವತ್ತು ಹತ್ತಿದ್ದು ಉಂಡೆಯಲ್ಲ; ಊದುವ ನೆಪದಲ್ಲಿ ಹುಡುಗಿ ಯಾರಿಗೂ ಕಾಣದಂತೆ ಕೆಳಗೆ ತೂರಿಸಿದ ಒಣ ತೆಂಗಿನ ಗರಿ. ಉಂಡೆ ಇವತ್ತಿಗೂ ನಮ್ಮನೆ ಷೋಕೇಸಿನಲ್ಲಿದೆ, ಒಂದು ಚೂರೂ ಸುಡದೆ.